ಕ್ಯಾನಿನೊಳಗೆ ಏಳು ಬೆಳಕು

...ಏಳು! ಸರಿಯಾಗಿ ಕೇಳಿಸ್ಕೊಂಡ್ಯಾ ಅರುಣಾ? ಒಂದಲ್ಲ, ಎರಡಲ್ಲ, ಏಳು! ಒಂದೇ ಒಂದು ಗಾಜಿನ ಎಳೆ, ನಿನ್ನ ಮೀಸೆ ಕೂದಲಷ್ಟು ದಪ್ಪ ಇದ್ರೆ ಹೆಚ್ಚು, ಅದರೊಳಗಿಂದ ಒಟ್ಟೊಟ್ಟಿಗೆ ಏಳು ಬೆಳಕು ಎಬ್ಬಿಸಿದೋನು ಈ ಕೋಲಾರ ಸೀಮೆಯಲ್ಲಿ ಒಬ್ಬನೇ ಒಬ್ಬ. ಯಾರು? ಹೇಳು, ಯಾರು? ...ಈ ದೊಡ್ಡಮುನಿಯಪ್ಪ! ಇದೇ ಕೈ. ಮುಟ್ಟಿ ನೋಡು ಬೇಕಾದ್ರೆ.

ಏನು ಹಂಗ್ ನೋಡ್ತೀಯ? ಸುಳ್ಳು ಅಂತೀಯಾ? ಸಾಕ್ಷಿ ಬೇಕಾ? ಇದ್ರು ಕಣಪ್ಪಾ, ಮೂರು ಜನ ಸಾಕ್ಷಿ ಇದ್ರು. ಒಬ್ಬರು ತ್ರಿವೇಣಿ ಮೇಡಮ್ಮು. ಅವರು ಹೋದ ತಿಂಗಳು ಜಪಾನಿಗೆ ಹೋದ್ರು, ಒಂದು ವರ್ಷ ಈ ಕಡೆ ಬರಲ್ಲ. ಇನ್ನೊಬ್ಬರು ಡೆಲ್ಲಿ ಸಾಹೇಬ್ರು. ಅವರಿಗೆ ಕನ್ನಡ ಬರಲ್ಲ, ನಿನಗೆ ಹಿಂದಿ ಬರಲ್ಲ, ಕೇಳಿ ಏನು ಪ್ರಯೋಜನ? ಮೂರನೆಯವನು ಕಾಲೇಜಿನ ಅಟೆಂಡರ್ ನರಸಿಂಹಪ್ಪ... ಪಾಪ, ಯುಗಾದಿ ಆದ ವಾರಕ್ಕೇ ತೀರ್ಕೊಂಡ. ಒಳ್ಳೆ ಮನುಷ್ಯ. ಇದ್ದಿದ್ರೆ ಇಲ್ಲೇ ಬಂದು ಕರ್ಪೂರ ಹಚ್ಚಿ ಹೇಳ್ತಿದ್ದ. ಹೋಗ್ಲಿ, ಆ ಬೆಳಕನ್ನೇ ತಂದು ತೋರ್ಸೋಣ ಅಂದ್ರೆ ಅದು ಕಣ್ಣಿಗೆ ಕಾಣೋ ಜಾತಿ ಅಲ್ಲ. ಹೌದು, ಕಾಣಲ್ಲ! ಅದೇ ಅಲ್ವಾ ದೊಡ್ಡತನ? ಕಾಣೋದನ್ನ ಯಾರು ಬೇಕಾದ್ರೂ ಏಳು ಮಾಡ್ತಾರೆ. ಕಾಣದೇ ಇರೋದನ್ನ ಏಳು ಮಾಡಿ ನೋಡು ಗೊತ್ತಾಗುತ್ತೆ!

ಯಾಕೆ ಎದ್ದೆ? ಕೂತ್ಕೋ, ಕೂತ್ಕೋ. ಮೀಟಿಂಗು ನಾಲ್ಕು ಗಂಟೆಗೆ ತಾನೇ? ಇನ್ನೂ ಮುಕ್ಕಾಲು ಗಂಟೆ ಇದೆ. ಡೈರಿ ಏನು ಕಾಲು ಬಂದು ಓಡೋಗುತ್ತಾ, ಎದುರಿಗೇ ಇದೆ. ಈ ಹೊಂಗೆ ಮರದ ನೆರಳು ಬಿಟ್ಟು ಒಳಗೋಗಿ ಆ ರಾಮಚಂದ್ರಪ್ಪನ ಮುಖ ಯಾಕೆ ನೋಡ್ತೀಯ? ಡೈರಿಗೆ ಅಧ್ಯಕ್ಷ ಆದಾಗಿನಿಂದ ಅವನು ನಕ್ಕಿದ್ದನ್ನ ಅವನ ಹೆಂಡ್ತಿನೂ ನೋಡಿಲ್ಲವಂತೆ.

ಗೊತ್ತು ಕಣೋ, ಎಲ್ಲಾ ಗೊತ್ತು. ಮದುವೆ ಮುಗಿಸಿ ಬಂದು ಹನ್ನೆರಡು ಹಸುಗೆ ಗಬ್ಬದ ಇಂಜೆಕ್ಷನ್ ಕೊಟ್ಟೆ, ಹನ್ನೊಂದು ಗಬ್ಬ ನಿಲ್ಲಲಿಲ್ಲ. ಇಪ್ಪತ್ತೊಂದನೇ ದಿನಕ್ಕೆ ಸರಿಯಾಗಿ ಮತ್ತೆ ಬೆದೆಗೆ ಬಂದು, ಒಂದಾದ ಮೇಲೊಂದು ಊರು ಎದ್ದುಹೋಗೋ ಹಂಗೆ ಕೂಗಿದ್ವು. ಎಂಟು ವರ್ಷದಿಂದ ಈ ಊರಿನ ಕರು ಎಲ್ಲಾ ನಿನ್ನ ಕೈಯಿಂದಲೇ ಬಂದಿದ್ದು, ಅದನ್ನ ಒಬ್ಬರೂ ನೆನೆಸ್ಕೊಳ್ಳಲಿಲ್ಲ. "ಅರುಣನ ಕೈಗುಣ ಕೆಟ್ಟೋಯ್ತು" ಅಂದ್ಬಿಟ್ರು. ಈಗ ನಿನ್ನ ಬಿಡಿಸಿ ಯಲ್ದೂರು ಕಡೆಯಿಂದ ಆ ಭೀಮರಾಜನ್ನ ಕರ್ಕೊಂಬರ್ತಾರಂತೆ. ಇವತ್ತೇ ತೀರ್ಮಾನ ಅಂತೆ. ಅದಕ್ಕೇ ಕಣಪ್ಪಾ ನಾನು ಬಂದು ನಿನ್ನ ಪಕ್ಕ ಕೂತಿದ್ದು. ಮನಸ್ಸು ಒಂಚೂರು ಹಗುರ ಆಗ್ಲಿ ಅಂತ. ಬೇರೆ ಏನೂ ಕಾರಣ ಇಲ್ಲ... ಇಲ್ಲಪ್ಪಾ, ಇನ್ನೇನು ಇರುತ್ತೆ?

ಎಲ್ಲಿಗೆ ಬಂದಿದ್ದೆ? ಹಾಂ, ಬೆಳಕು.

ಆ ತ್ರಿವೇಣಿ ಮೇಡಮ್ಮು ನಿನಗೂ ಗೊತ್ತಲ್ಲ, ಮೇಷ್ಟ್ರ ಮನೆ ಮಹಡಿ ಮೇಲೆ ಬಾಡಿಗೆಗೆ ಇದ್ರು, ಬೆಳಗ್ಗೆ ಅರ್ಧ ಲೀಟರ್ ಹಾಲಿಗೆ ಡೈರಿಗೆ ಬರ್ತಿದ್ರು. ಮಾಲೂರು ರಸ್ತೆ ಕಾಲೇಜಲ್ಲಿ ಲೇಸರ್ ಮಾಡೋ ಕೆಲಸ. ನಾನು ಹಾಲು ಅಳೀತಾ ಅಳೀತಾ ಕೇಳ್ದೆ, "ಏನಮ್ಮಾ ಅದು ಲೇಸರು?" ಅಂತ. ಬೇರೆಯವರಾಗಿದ್ರೆ "ನಿಂಗ್ಯಾಕೆ ತಾತ" ಅಂತಿದ್ರು. ಆಯಮ್ಮ ಕೂತ್ಕೊಂಡು ಹೇಳ್ತು. ಯಾಕೇಂದ್ರೆ ನನ್ನ ಮುಖ ನೋಡಿದ್ರೇನೇ ಗೊತ್ತಾಗುತ್ತಲ್ಲ, ಓದಿಲ್ಲದೇ ಇರ್ಬಹುದು, ಆದ್ರೆ ಒಳಗೆ ಸರಕು ಇದೆ ಅಂತ.

ಕೇಳು, ನಿನಗೂ ಹೇಳ್ತೀನಿ, ನಾಳೆ ಉಪಯೋಗ ಆಗುತ್ತೆ. ಒಂದು ಗಾಜಿನ ಎಳೆ. ಸುಮ್ನೆ ಗಾಜಲ್ಲ, ಎಳೆಯೋವಾಗಲೇ ಅದರ ಹೊಟ್ಟೆಗೆ ಚಿಟಿಕೆ ಎರ್ಬಿಯಂ ಅನ್ನೋದನ್ನ ಸೇರ್ಸಿರ್ತಾರೆ. ನಾನು ನೆನಪಿರ್ಲಿ ಅಂತ ಎರಬಯ್ಯ ಅಂತ ಇಟ್ಕೊಂಡಿದ್ದೀನಿ. ಸಾರಿಗೆ ಇಂಗು ಹಾಕಿದ ಹಾಗೆ, ಹುಡುಕಿದ್ರೆ ಸಿಗಲ್ಲ, ಆದ್ರೆ ಕೆಲಸ ಎಲ್ಲಾ ಅದರದ್ದೇ. ಈ ಕಡೆಯಿಂದ ಒಂದು ಬೆಳಕು ಉಣ್ಣಿಸ್ಬೇಕು. ಎರಬಯ್ಯ ಅದನ್ನ ತಿಂದು, ತೇಗಿ, ಬೇರೆ ಜಾತಿ ಬೆಳಕು ಕೊಡ್ತಾನೆ. ಆ ಬೆಳಕು ಎಳೆ ಒಳಗೇ, ಕಣದಲ್ಲಿ ರಾಗಿ ತುಳಿಯೋ ಎತ್ತಿನ ಹಂಗೆ ಸುತ್ತಿ ಸುತ್ತಿ ಸುತ್ತಿ... ದಪ್ಪ ಆಗಿ ಈಚೆಗೆ ಬರುತ್ತೆ. ಅದೇ ಲೇಸರು. ಅಷ್ಟೇ! ಇದಕ್ಕೆ ಅವರು ಹದಿನೆಂಟು ವರ್ಷ ಓದಿದ್ರಂತೆ. ನಾನು ಎರಡು ಕ್ಯಾನ್ ಹಾಲು ಅಳೆಯೋಷ್ಟರಲ್ಲಿ ಕಲ್ತೆ.

ನಗ್ತೀಯಾ? ನಗು, ನಗು. ಮೂರು ವಾರ ಆಯ್ತು ನಿನ್ನ ಹಲ್ಲು ನೋಡಿ.

ಈಗ ಬರುತ್ತೆ ನೋಡು ಕಷ್ಟ. ಮೇಡಮ್ಮಿಗೆ ಒಂದು ಬೆಳಕು ಸಾಲದು. ಒಂದೇ ಎಳೆಯಿಂದ ಬೇರೆ ಬೇರೆ ಅಳತೆಯ ಬೆಳಕು ಒಟ್ಟಿಗೆ ಬೇಕು. ಹಂಗಾದ್ರೆ ಒಂದೇ ತಂತಿಯಲ್ಲಿ ಏಳು ಜನರ ಫೋನು ಒಟ್ಟಿಗೇ ಹೋಗುತ್ತಂತೆ, ಒಬ್ಬರ ಮಾತು ಇನ್ನೊಬ್ಬರದ್ದಕ್ಕೆ ಬೆರೆಯಲ್ಲವಂತೆ. ನಮ್ಮ ಬೋರ್‌ವೆಲ್ ಹತ್ರ ಹೆಂಗಸರು ಮಾತಾಡಲ್ವಾ, ಏಳು ಜನ ಏಳು ವಿಷಯ, ಎಲ್ಲರಿಗೂ ಎಲ್ಲಾ ಅರ್ಥ ಆಗುತ್ತೆ, ಹಂಗೆ. ಆದ್ರೆ ಈ ಬೆಳಕುಗಳಿಗೆ ಆ ಮರ್ಯಾದೆ ಇಲ್ಲ. ಕಲಗಚ್ಚಿನ ಬಾನಿ ಒಂದೇ ಇಟ್ಟು ಏಳು ಹಸು ಬಿಟ್ರೆ ಏನಾಗುತ್ತೆ? ಕೊಂಬು ಇರೋದು ಒಂದು ನುಗ್ಗಿ ಎಲ್ಲಾ ಕುಡಿಯುತ್ತೆ, ಮಿಕ್ಕಿದ್ದು ಮೂತಿ ನೆಕ್ಕೊಂಡು ನಿಲ್ಲುತ್ತೆ. ಇಲ್ಲೂ ಹಂಗೇ! ಒಂದು ಬೆಳಕು ಕೊಬ್ಬಿ, ಮಿಕ್ಕಿದ್ದೆಲ್ಲಾ ಸತ್ತೋಗ್ತಿತ್ತು. ಇದಕ್ಕೆ ಮದ್ದು ಏನು? ಚಳಿ. ಎಳೆಯನ್ನ ಕೊರೆಯೋ ಚಳಿಯಲ್ಲಿ ಇಟ್ರೆ ಒಂದೊಂದು ಬೆಳಕಿಗೂ ಬೇರೆ ಬೇರೆ ಬಾನಿ ಇಟ್ಟ ಹಾಗೆ. ಯಾರ ಊಟ ಅವರದ್ದು. ಆದ್ರೆ ಆ ಚಳಿ ಫ್ರಿಡ್ಜಿನ ಚಳಿ ಅಲ್ಲ, ಹೊಗೆ ಏಳೋ ಚಳಿ. ನೈಟ್ರೋಜನ್ ಚಳಿ.

ಅದಕ್ಕೆ ಕಾಲೇಜೋರು ಬೆಂಗಳೂರಿಂದ ನೈಟ್ರೋಜನ್ ತರಿಸ್ಬೇಕಿತ್ತು. ಬರಲಿಲ್ಲ. ಡೆಲ್ಲಿ ಸಾಹೇಬ್ರು ಹನ್ನೊಂದು ಗಂಟೆಗೆ ಬಂದು ನೋಡ್ತಾರೆ ಅಂತ ಗೊತ್ತಾಗಿದೆ, ಇಲ್ಲಿ ಚಳಿ ಇಲ್ಲ. ಮೇಡಮ್ಮು ಬೆಳಗ್ಗೆ ಏಳಕ್ಕೆ ಹಾಲಿಗೆ ಬಂದಾಗ ಮುಖ ನೋಡ್ಬೇಕಿತ್ತು ನೀನು... ಹಾಲಿನ ಪಾತ್ರೆ ಹಿಡ್ಕೊಂಡು ಅಳೋ ಹಂಗೆ ನಿಂತಿತ್ತು ಆಯಮ್ಮ. ನಾನು, "ಏನಮ್ಮಾ?" ಅಂದೆ. ಹೇಳ್ತು. ನಾನು ಎದೆ ತಟ್ಕೊಂಡು, "ಇಷ್ಟೇನಾ? ನಮ್ಮ ಡೈರಿಯಲ್ಲಿ ಕ್ಯಾನ್ ತುಂಬಾ ಇದೆ, ನಡೀರಿ!" ಅಂದೆ.

...ಯಾವ ಕ್ಯಾನಾ? ಕ್ಯಾನು ಅಂದ್ರೆ ಕ್ಯಾನು ಕಣಪ್ಪಾ. ಪ್ರಪಂಚದಲ್ಲಿ ಎಷ್ಟು ಕ್ಯಾನಿಲ್ಲ! ಕತೆ ಕೇಳೋವಾಗ ಅಡ್ಡ ಬರ್ಬಾರ್ದು.

ನನ್ನ ಟಿವಿಎಸ್ ಗಾಡಿ ಮುಂದೆ ಕ್ಯಾನ್ ಇಟ್ಕೊಂಡು, ಎರಡು ಮೊಣಕಾಲಲ್ಲಿ ಅಮುಕಿ ಹಿಡ್ಕೊಂಡು, ಹಿಂದೆ ಮೇಡಮ್ಮನ್ನ ಕೂರಿಸ್ಕೊಂಡು ಹೊರಟೆ. ದಾರಿ ಸರಿ ಇದ್ಯಾ? ಗುಂಡಿಗೊಂದು ಸಲ ಮುಚ್ಚಳ ಕುಣಿದು ಬುಸ್ಸಂತ ಬಿಳಿ ಹೊಗೆ. ನನ್ನ ಎರಡೂ ಕಡೆ ಹೊಗೆ, ಮಧ್ಯೆ ನಾನು, ಬಿಳಿ ತಲೆ, ಬಿಳಿ ಮೀಸೆ. ಇಟ್ಟಿಗೆ ಗೂಡಿನ ಹತ್ರ ಕೆಲಸ ಮಾಡ್ತಿದ್ದ ಹೆಂಗಸರು ಇಟ್ಟಿಗೆ ಕೆಳಗಿಟ್ಟು ಕೈ ಮುಗಿದ್ರು ಗೊತ್ತಾ? ಒಂದು ಮುದುಕಿ ಗಾಡಿಗೆ ಅಡ್ಡ ಬಂದು ವಿಭೂತಿ ಕೇಳ್ತು! ಇಲ್ಲ ಅನ್ನೋಕೆ ಆಗಲ್ಲ, ಗಾಡಿ ಮೇಲಿದ್ದ ಧೂಳು ಒರೆಸಿ ಹಣೆಗಿಟ್ಟೆ. ಮಾಲೂರು ಗೇಟ್ ಹತ್ರ ಬಂದ್ರೆ ಗೇಟು ಹಾಕಿದೆ. ಬೆಂಗಳೂರು ಟ್ರೈನು ಬರ್ತಾ ಇದೆ. ಡ್ರೈವರ್ರು ಹೊಗೆ ನೋಡಿ, ಹಳಿ ಮೇಲೆ ಇನ್ನೊಂದು ಇಂಜಿನ್ ಬರ್ತಿದೆ ಅಂತ ಬ್ರೇಕ್ ಹಾಕಿ ಟ್ರೈನು ನಿಲ್ಸಿಬಿಟ್ಟ! ಅರ್ಧ ಗಂಟೆ. ಅವತ್ತು ಮಾಲೂರೋರೆಲ್ಲಾ ಕೆಲಸಕ್ಕೆ ಲೇಟು, ನನ್ನಿಂದ.

ಹೊಟ್ಟೆ ಹಿಡ್ಕೊಂಡು ನಗು, ಪರವಾಗಿಲ್ಲ. ಮದುವೆ ಆದ ಹೊಸತರಲ್ಲಿ ಹಿಂಗೇ ನಗ್ತಾ ಇರ್ಬೇಕು. ಏನು? ಆ ಟ್ರೈನಲ್ಲಿ ನಿಮ್ಮ ಚಿಕ್ಕಪ್ಪ ದಿನಾ ಹೋಗ್ತಾರಾ? ಅವತ್ತು ರಜ ಹಾಕಿರ್ಬೇಕು ಬಿಡು.

ಲ್ಯಾಬಿಗೆ ಹೋದ್ವಿ. ಒಂದು ಕತ್ತಲೆ ಕೋಣೆ. ನನಗೊಂದು ಕನ್ನಡಕ ಹಾಕಿದ್ರು, ನರಸಿಂಹಪ್ಪ ನೋಡಿ, "ಅಣ್ಣಾ, ಸಿನಿಮಾದಲ್ಲಿ ವಿಲನ್ ಥರ ಇದ್ದೀಯ" ಅಂದ. ಬೆಳಕು ಉಣ್ಣಿಸಿದ್ರು. ಆ ಎಳೆ ನೋಡ್ತಾ ನೋಡ್ತಾ ಹಸಿರಾಗಿ ಹೊಳೆಯೋಕೆ ಶುರು ಆಯ್ತು ಅರುಣಾ... ಇದು ಮಾತ್ರ ನನ್ನ ಮೊಮ್ಮಕ್ಕಳಾಣೆ ನಿಜ. ಮಿಂಚುಹುಳದ ಹಸಿರು. "ಇದೇನಾ ಬೆಳಕು?" ಅಂದೆ. "ಅಲ್ಲ ತಾತ, ಇದು ಅದರ ನೆರಳಿನ ಥರ, ನಿಜವಾದ್ದು ಕಾಣಲ್ಲ, ಪರದೆ ಮೇಲೆ ನೋಡಿ" ಅಂತು ಮೇಡಮ್ಮು. ಪರದೆ ಮೇಲೆ ಒಂದೇ ಒಂದು ಗೆರೆ, ಗೂಟ ಹೊಡೆದ ಹಾಗೆ ನಿಂತಿತ್ತು. ಕೊಂಬಿನ ಹಸು! ಡೆಲ್ಲಿ ಸಾಹೇಬ್ರು ಮೂಗು ಮುರಿದ್ರು. ಮೇಡಮ್ಮು ನನ್ನ ಕಡೆ ನೋಡ್ತು. ನಾನು ಎಳೆ ಸುತ್ತಿದ್ದ ಉರುಳೆ ತಗೊಂಡೆ, ನಮ್ಮಮ್ಮನ್ನ ನೆನೆಸ್ಕೊಂಡೆ, ಕ್ಯಾನಿನ ಬಾಯಿಗೆ ಮೆಲ್ಲಗೆ... ಮೆಲ್ಲಗೆ... ಬಿಟ್ಟೆ. ಬುಸ್ಸ್! ಕೋಣೆ ತುಂಬಾ ಹೊಗೆ. ಪರದೆ ಮೇಲೆ ಒಂದು ಗೂಟ ಕುಗ್ತು. ಪಕ್ಕದಲ್ಲಿ ಇನ್ನೊಂದು ಎದ್ತು. ಅದರ ಪಕ್ಕ ಇನ್ನೊಂದು! ಕೊಟ್ಟಿಗೆಯಲ್ಲಿ ಸಾಲಾಗಿ ಗೂಟ ಹೊಡೆದ ಹಾಗೆ, ಎಲ್ಲಾ ಒಂದೇ ಎತ್ತರ! ಮೇಡಮ್ಮು "ತಾತಾ!" ಅಂತ ಕೂಗಿ ನನ್ನ ಕೈ ಹಿಡ್ಕೊಂಡು ಕುಣೀತು. ಸಾಹೇಬ್ರು ಎದ್ದು ನಿಂತು ನನಗೆ ಸೆಲ್ಯೂಟ್ ಹೊಡೆದ್ರು. ಒಂಬತ್ತು ಬೆಳಕು ಕಣಯ್ಯಾ, ಒಂಬತ್ತು!

ಏನು? ...ಏಳು ಅಂದಿದ್ನಾ? ಏಳು ದೊಡ್ಡದು, ಎರಡು ಚಿಕ್ಕದು. ಕರುಗಳು ಅನ್ಕೋ.

ಯಾಕೋ ಹುಬ್ಬು ಗಂಟಿಕ್ಕಿದೆ? ಈಗ ತಾನೇ ನಗ್ತಿದ್ದೆ... ಟೀ ಕುಡಿಯೋಣ್ವಾ? ಬೇಡ್ವಾ. ಸರಿ.

ಯಾವತ್ತು ಅಂದ್ರೆ... ಯಾವತ್ತೋ ಒಂದು ದಿನ. ಇಷ್ಟು ದೊಡ್ಡ ಕೆಲಸಕ್ಕೆ ದಿನ, ವಾರ ಯಾರು ನೋಡ್ತಾರೆ? ಬಿಸಿಲಿತ್ತು. ...ನೀನು ಎಲ್ಲಿದ್ದೆ ಅಂದ್ರೆ ನನಗೇನು ಗೊತ್ತು? ನೀನು ಊರಲ್ಲಿ ಇರಲಿಲ್ಲ. ಮುಳಬಾಗಿಲಲ್ಲಿ... ಅಲ್ಲ, ಅಂದ್ರೆ, ಇದ್ದಿರ್ಬಹುದು, ಮುಳಬಾಗಿಲಲ್ಲಿ, ನಿನ್ನ ಮದುವೇಲಿ. ನಾನೇ ತಾನೇ ಮದುವೆಗೆ ಬರೋಕಾಗ್ಲಿಲ್ಲ ಅಂತ ನಿನಗೆ ಹೇಳಿದ್ದು? ಮೊಣಕಾಲು ನೋವು ಅಂತ. ನಿಜವಾಗ್ಲೂ ನೋವಿತ್ತು! ಕ್ಯಾನ್ ಅಮುಕಿ ಹಿಡ್ಕೊಂಡಿದ್ದಕ್ಕೇ ಬಂದಿದ್ದು.

ಅರುಣಾ, ಹಂಗೆ ಬೆರಳು ಮಡಿಸಿ ಎಣಿಸ್ಬೇಡ ಕಣೋ. ಏನು ಎಣಿಸ್ತಿದ್ದೀಯ? ಮದುವೆಯಿಂದ ಈಚೆಗೆ ದಿನನಾ? ಹೊಸ ಹೆಂಡ್ತಿ ಬಂದೋರು ಹಂಗೆ ದಿನ ಎಣಿಸಲ್ಲಪ್ಪಾ... ಇಪ್ಪತ್ತೊಂದು, ಮತ್ತೆ... ಹೂಂ. ಆಯ್ತು. ನಿಲ್ಸು. ಲೆಕ್ಕದಲ್ಲಿ ನೀನು ಮೊದಲಿಂದಲೂ ಚುರುಕು.

ಹೌದು, ನಿನ್ನ ಕ್ಯಾನೇ. ಡೈರಿಯಲ್ಲಿ ಇನ್ಯಾರದ್ದಿರುತ್ತೆ? ಹಸುಗೆ ಕೊಡೋ ಹೋರಿ ಬೀಜದ ಕಡ್ಡಿ ಇಟ್ಟಿರ್ತೀಯಲ್ಲ, ಅದೇ. "ತಾತ, ಮೂರು ದಿನ ಮದುವೆಗೆ ಹೋಗ್ತೀನಿ, ಕ್ಯಾನ್ ನೋಡ್ಕೋ, ಮುಚ್ಚಳ ತೆಗೀಬೇಡ" ಅಂದಿದ್ದೆ. ನಾನು ನೋಡ್ಕೊಂಡೆ! ಒಂದು ಕ್ಷಣನೂ ಕಣ್ಣು ಮಿಟುಕಿಸ್ದೆ ನೋಡ್ಕೊಂಡೆ, ಮಾಲೂರಿಗೆ ಹೋಗಿ ಬರೋವರೆಗೂ ಮೊಣಕಾಲ ಮಧ್ಯೆನೇ ಇತ್ತು. ನೈಟ್ರೋಜನ್ ಕೂಡ ಒಂದು ನಾಲ್ಕು ಬೆರಳು ಕಡಿಮೆ ಆಗಿತ್ತು, ಅಷ್ಟೇ. ನೀನು ಬಂದು ತುಂಬಿಸ್ಕೊಂಡೆ.

ಮೇಡಮ್ಮನ್ನ ಬೈಬೇಡ ಕಣೋ. ಆಯಮ್ಮ ಎರಡು ಸಲ ಕೇಳ್ತು, "ತಾತ, ಒಳಗೆ ಏನಾದ್ರೂ ಇದ್ಯಾ?" ಅಂತ. ನಾನೇ, "ಏನಿಲ್ಲಮ್ಮಾ, ಖಾಲಿ" ಅಂದೆ. ಸುಳ್ಳಲ್ಲ! ಆಗ ಖಾಲಿಯಾಗೇ ಇತ್ತು. ಯಾಕೇಂದ್ರೆ ಕ್ಯಾನಿನ ಬಾಯಿ ಸಣ್ಣದು ಕಣಪ್ಪಾ, ನಿನಗೇ ಗೊತ್ತಲ್ಲ. ಉರುಳೆ ಒಳಗೆ ಹೋಗ್ಬೇಕು ಅಂದ್ರೆ ಕಡ್ಡಿಗಳು ಈಚೆಗೆ ಬರ್ಬೇಕು. ಅದಕ್ಕೇ ಹೊರಡೋಕೆ ಮುಂಚೇನೇ...

ಮಾತಾಡು ಕಣೋ, ಹಂಗೆ ಸುಮ್ನೆ ನೋಡಿದ್ರೆ ನನಗೆ ಒಂಥರಾ ಆಗುತ್ತೆ. ಬಿಸಾಕಿಲ್ಲ! ಕಸಕ್ಕೆ ಹಾಕ್ಲಿಲ್ಲ! ನಾನೇನು ಅಷ್ಟು ದಡ್ಡನಾ? ತಣ್ಣಗಿರ್ಬೇಕು ಅಂತ ನನಗೂ ಗೊತ್ತು. ನೀನು ಯಾವಾಗ್ಲೂ ಹೇಳ್ತಿರ್ಲಿಲ್ವಾ, ಮೈನಸ್ ನೂರ ತೊಂಬತ್ತಾರು, ಮೈನಸ್ ನೂರ ತೊಂಬತ್ತಾರು ಅಂತ. ಅದಕ್ಕೇ ಟೀ ಫ್ಲಾಸ್ಕ್ ತೊಳೆದು, ಒರೆಸಿ, ಎಲ್ಲಾ ಕಡ್ಡಿ ಅದರಲ್ಲಿಟ್ಟು... ಜೊತೆಗೆ ಎರಡು ಐಸ್ ಕ್ಯಾಂಡಿ ಹಾಕ್ದೆ. ಒಂದು ಕಿತ್ತಳೆ, ಒಂದು ದ್ರಾಕ್ಷಿ.

...ಯಾಕೆ ತಲೆ ಮೇಲೆ ಕೈ ಇಟ್ಕೊಂಡೆ? ಎರಡು ಸಾಲಲಿಲ್ವಾ? ಅಂಗಡೀಲಿ ಎರಡೇ ಇದ್ದಿದ್ದು ಕಣಪ್ಪಾ! ಮುಟ್ಟಿದ್ರೆ ಬೆರಳು ಜುಂ ಅಂತಿತ್ತು, ಇನ್ನೆಷ್ಟು ತಣ್ಣಗಿರ್ಬೇಕು? ಈ ಮೈನಸ್ಸು, ಪ್ಲಸ್ಸು ಎಲ್ಲಾ ಓದಿದೋರಿಗೆ. ನಮಗೆ ತಣ್ಣಗಿದೆ ಅಂದ್ರೆ ತಣ್ಣಗಿದೆ, ಬಿಸಿ ಅಂದ್ರೆ ಬಿಸಿ.

ವಾಪಸ್ ಬರೋಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಫ್ಲಾಸ್ಕ್ ತೆಗೆದು ನೋಡಿದ್ರೆ ಕ್ಯಾಂಡಿ ಕರಗಿ ಶರಬತ್ತಾಗಿತ್ತು. ಕಡ್ಡಿ ಒಂದೊಂದೇ ತೆಗೆದು, ನೀರಲ್ಲಿ ತೊಳೆದು, ನನ್ನ ಹೊಸ ಟವೆಲ್ಲಲ್ಲಿ ಒರೆಸಿ, ಬಣ್ಣಬಣ್ಣಕ್ಕೆ ಜೋಡಿಸಿ, ಹೆಂಗಿತ್ತೋ ಹಂಗೇ ಕ್ಯಾನಿಗೆ ಇಟ್ಟೆ. ನೋಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನಿನಗೇ ಗೊತ್ತಾಗ್ಲಿಲ್ಲ! ...ಶರಬತ್ತಾ? ಕುಡಿದೆ. ಚೆನ್ನಾಗಿತ್ತು.

ಅಂದ್ರೆ... ಎಲ್ಲಾ ಅವತ್ತೇ ಸತ್ತೋಗಿತ್ತಾ? ಒಂದೂ ಉಳಿದಿರಲಿಲ್ವಾ? ನೀನು ತಲೆ ಆಡಿಸ್ಬೇಡ, ಬಾಯಿಬಿಟ್ಟು ಹೇಳು. ಹಂಗಾದ್ರೆ ಭಾರತಮ್ಮನ ಹಸು? ಹನ್ನೆರಡರಲ್ಲಿ ಅದೊಂದು ನಿಂತಿದೆಯಲ್ಲಾ! ಒಂದು ನಿಂತಿದೆ ಅಂದ್ರೆ ಕಡ್ಡಿಯಲ್ಲಿ ಜೀವ ಇತ್ತು ಅಂತ ತಾನೇ ಅರ್ಥ?

...ಹಂಗೆ ನೋಡ್ಬೇಡ. ಹೂಂ, ಸರಿ. ಹಗ್ಗ ಕಿತ್ಕೊಂಡು ವಕ್ಕಲೇರಿ ಕಡೆ ಹೋಗಿತ್ತಂತೆ, ಎರಡು ದಿನ ಕಾಣಲಿಲ್ಲವಂತೆ, ಅಲ್ಲೊಂದು ಹೋರಿ ಇದೆಯಂತೆ. ಭಾರತಮ್ಮ ಯಾರಿಗೂ ಹೇಳ್ಬೇಡ ಅಂದಿದ್ರು. ಬಿಡು, ಅದು ಅವರ ಮನೆ ವಿಷಯ.

ಬೈ ಕಣೋ. ಒಂದು ಸಲ ಬೈದುಬಿಡು. ನಾನು ಎಪ್ಪತ್ತೆರಡು ವರ್ಷದಲ್ಲಿ ಎಂತೆಂಥಾ ಬೈಗುಳ ತಿಂದಿದ್ದೀನಿ, ಕನ್ನಡ, ತೆಲುಗು ಎರಡರಲ್ಲೂ ತಿಂದಿದ್ದೀನಿ, ಒಂದೂ ಹಿಂಗೆ ಚುಚ್ಚಲಿಲ್ಲ. ಸುಮ್ನೆ ಕೂತಿರೋನ ಮುಂದೆ ಸುಳ್ಳು ಹೇಳೋದು ಬಲು ಕಷ್ಟ. ಅಡ್ಡ ಮಾತಾಡೋನಾದ್ರೆ ಸುಲಭ, ಅವನ ಮಾತು ಹಿಡ್ಕೊಂಡೇ ದಾಟ್ಕೊಂಡು ಹೋಗ್ಬಹುದು.

ಇನ್ನೂ ಏನು ಬೇಕು? ...ಕೈಗುಣನಾ? ಕೈಗುಣದ ಮಾತು ಯಾರು ಎತ್ತಿದ್ದು ಅಂತಾನಾ? ಊರು ಅಂದ್ಮೇಲೆ ನೂರು ಬಾಯಿ, ಯಾರೋ ಅಂದಿರ್ತಾರೆ... ಯಾರೋ... ನಾನೇ ಕಣಪ್ಪಾ. ಟೀ ಅಂಗಡೀಲಿ ಎಲ್ಲರೂ ಸೇರ್ಕೊಂಡು, "ಏನ್ ದೊಡ್ಡಮುನಿಯಪ್ಪ, ಡೈರಿಯಲ್ಲೇ ಇರ್ತೀಯ, ಹಸು ಯಾಕೆ ನಿಲ್ತಿಲ್ಲ?" ಅಂತ ನನ್ನನ್ನೇ ಕೇಳಿದ್ರು. ಎಲ್ಲರ ಕಣ್ಣೂ ನನ್ನ ಮೇಲೆ. ಗೊತ್ತಿಲ್ಲ ಅನ್ನೋಕೆ ನನಗೆ ಬರಲ್ಲ ಕಣೋ, ಹುಟ್ಟಿದಾಗಿಂದ ಬರಲ್ಲ. "ಮದುವೆ ಆದ ಹೊಸತು, ಗಮನ ಎಲ್ಲೋ ಇರುತ್ತೆ, ಕೈಗುಣ ಕೆಡುತ್ತೆ" ಅಂದುಬಿಟ್ಟೆ. ತಮಾಷೆಗೆ! ಅವರು ನಗ್ತಾರೆ ಅನ್ಕೊಂಡೆ. ನಗಲಿಲ್ಲ, ಎದ್ದು ಹೋಗಿ ರಾಮಚಂದ್ರಪ್ಪನಿಗೆ ಹೇಳಿದ್ರು.

ಆಯ್ತು. ಎದ್ದೆ. ನಡಿ. ತೋಳು ಬಿಡು ಮಾರಾಯಾ, ಈ ಮೊಣಕಾಲಲ್ಲಿ ಎಲ್ಲಿಗೆ ಓಡ್ಲಿ? ಹೇಳ್ತೀನಿ. ರಾಮಚಂದ್ರಪ್ಪನ ಎದುರಿಗೆ ನಿಂತ್ಕೊಂಡು, ಆ ನಗದೇ ಇರೋ ಮುಖ ನೋಡ್ಕೊಂಡೇ ಹೇಳ್ತೀನಿ. "ಹನ್ನೊಂದು ಹಸು ಕೆಡಿಸಿದ್ದು ಅರುಣ ಅಲ್ಲ, ನಾನು. ಬಿಡಿಸೋದಾದ್ರೆ ನನ್ನ ಬಿಡ್ಸಿ, ಇವನನ್ನಲ್ಲ" ಅಂತ. ಸಾಕಾ? ಭೀಮರಾಜ ಬೇಕಾದ್ರೆ ಬಂದು ಊಟ ಮಾಡ್ಕೊಂಡು ಹೋಗ್ಲಿ.

ಆದ್ರೆ ಬರೀ ಹಸು ವಿಷಯ ಹೇಳಿ ಬೆಳಕಿನದ್ದು ಬಿಡೋಕೆ ಆಗಲ್ಲ. ಎರಡೂ ಒಂದೇ ಕ್ಯಾನಲ್ಲಿ ಆಗಿದ್ದು. ಮೊದಲು ಬೆಳಕು ಹೇಳ್ತೀನಿ, ಆಮೇಲೆ ಹಸು...

ಯಾಕೆ ನಿಂತೆ ಮತ್ತೆ? ...ಎಷ್ಟು? ನಿಜವಾಗಿ ಎಷ್ಟು ಬೆಳಕು ಅಂತೀಯಾ?

ಅಯ್ಯೋ... ನಾಲ್ಕು ಕಣಪ್ಪಾ. ನಾಲ್ಕೇ. ಅದರಲ್ಲೂ ಒಂದು ಆಗಾಗ ಆರೋಗ್ತಿತ್ತು.

ಏನು ಮಾಡೋದು ಹೇಳು? ಹನ್ನೊಂದು ಹಸು ಹೋಗಿದೆ, ಸಿಕ್ಕಿದ್ದು ನಾಲ್ಕು ಬೆಳಕು ಅಂದ್ರೆ ಆ ಮೀಟಿಂಗಲ್ಲಿ ಯಾರು ಒಪ್ತಾರೆ? ಏಳು ಅಂದ್ರೆ ಒಂಚೂರು ಸರಿದೂಗುತ್ತೆ. ಏಳೇ ಇರ್ಲಿ ಬಿಡು.